ತಿಪ್ಪೆಯು ಕಾದಿಟ್ಟ ಸಂಪತ್ತು

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಶ್ರೀಮಠದ ಸಭಾಮಂಟಪದಲ್ಲಿ ದಯಪಾಲಿಸಿದ ಆಶೀರ್ವಚನ)



ನಮ್ಮ ಮಠದ ಭಕ್ತರ ಪಟ್ಟಿಯನ್ನು ತೆಗೆದು ನೋಡಿದರೆ ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಶಪ್ಪ, ತಿಪ್ಪೇಸ್ವಾಮಿ ಎಂಬ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಇವುಗಳಲ್ಲಿ ಕೆಲವು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮೇಲಣ ಭಕ್ತಿಯಿಂದ ಬಂದವು. ಇನ್ನು ಕೆಲವು ತಾಯಂದಿರ ಸಂಕಟದಿಂದ ಹುಟ್ಟಿದವು. ಹೆತ್ತ ಕೂಸುಗಳು ಒಂದಾದ ಮೇಲೊಂದು ತೀರಿಹೋದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ, ಅದನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಹೊರಳಿಸಿ ಎತ್ತಿ ತಂದು ‘ತಿಪ್ಪ’ ಎಂದು ಕರೆಯುವ ರೂಢಿ ನಮ್ಮ ಸೀಮೆಯಲ್ಲಿತ್ತು. ಬಿಸಾಡಿದ ವಸ್ತುವಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಹಾಗೆಯೇ ಸಾವಿನ ಕಣ್ಣೂ ಬೀಳದಿರಲಿ ಎಂಬುದು ಆ ತಾಯಿಯ ಉಪಾಯ.

ಇದನ್ನು ಮೂಢನಂಬಿಕೆಯೆಂದು ನಗುವವರು ನಗಲಿ. ಕೂಸಿನ ವಿಷಯದಲ್ಲಿ ಅದು ಎಷ್ಟು ನಿಜವೋ ನಾವು ಹೇಳಲಾರೆವು. ಆದರೆ ಲೋಕದ ಪುರಾತನ ವಸ್ತುಗಳ ವಿಷಯದಲ್ಲಿ ಅದು ಅಕ್ಷರಶಃ ನಿಜವಾಗಿದೆ. ರಾಜರ ಬೊಕ್ಕಸದಲ್ಲಿದ್ದ ಬಂಗಾರವನ್ನು ಶತ್ರುಗಳು ಕರಗಿಸಿದರು. ಗ್ರಂಥಭಂಡಾರಗಳು ಬೆಂಕಿಗೂ ಹುಳುವಿಗೂ ತುತ್ತಾದವು. ಬೇಡವೆಂದು ಬುಟ್ಟಿಯಲ್ಲಿ ಹೊತ್ತು ಊರಾಚೆಗೆ ಸುರಿದದ್ದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಉಪ್ಪರಿಗೆ ಹೋಗಿ ತಿಪ್ಪೆಯಾಯಿತು, ತಿಪ್ಪೆ ಹೋಗಿ ಉಪ್ಪರಿಗೆಯಾಯಿತು ಎಂದು ನಮ್ಮ ಹಿರಿಯರು ಆಡಿದ ಗಾದೆ ಹೀಗೂ ಫಲಿಸುತ್ತದೆ ಎಂದು ಅವರಿಗೆ ಹೊಳೆದಿತ್ತೋ ಇಲ್ಲವೋ.

ಈಜಿಪ್ಟ್ ದೇಶದಲ್ಲಿ, ಕೈರೋ ನಗರದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಅಲ್ ಬಹ್ನಸಾ ಎಂಬ ಊರಿದೆ. ಗ್ರೀಕರೂ ರೋಮನರೂ ಆಳುತ್ತಿದ್ದ ಕಾಲದಲ್ಲಿ ಅದರ ಹೆಸರು ಆಕ್ಸಿರಿಂಕಸ್. ಅದು ರಾಜಧಾನಿಯಲ್ಲ, ಪುಣ್ಯಕ್ಷೇತ್ರವೆಂದು ಲೋಕಪ್ರಸಿದ್ಧಿ ಪಡೆದದ್ದೂ ಅಲ್ಲ. ನಮ್ಮಲ್ಲಿ ಒಂದು ಜಿಲ್ಲಾ ಸ್ಥಳವಿದ್ದಂತೆ ಇದ್ದ ಪಟ್ಟಣ. ಅಲ್ಲಿಯ ಜನ ನೂರಾರು ವರ್ಷಗಳ ಕಾಲ ತಮ್ಮ ಮನೆಯ ಕಸವನ್ನೂ ಕಚೇರಿಯ ಹಳೆಯ ಕಾಗದಗಳನ್ನೂ ಊರ ಹೊರಗಿನ ಮರಳುಗಾಡಿನಲ್ಲಿ ಸುರಿಯುತ್ತಾ ಬಂದರು. ಕಾಗದವೆಂದರೆ ನಮ್ಮ ಕಾಗದವಲ್ಲ. ಪಪೈರಸ್ ಎಂಬ ಜೊಂಡಿನ ದಿಂಡನ್ನು ಸೀಳಿ, ಅಡ್ಡಡ್ಡ ಉದ್ದುದ್ದ ಹಾಸಿ, ಒತ್ತಿ ಒಣಗಿಸಿದ ಹಾಳೆ. ಕಸ ಬೆಳೆದು ಗುಡ್ಡಗಳಾಯಿತು. ಮೇಲೆ ಮರಳು ಕವಿಯಿತು.

1896ರ ಚಳಿಗಾಲದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಿಂದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ತರುಣ ವಿದ್ವಾಂಸರು ಅಲ್ಲಿಗೆ ಬಂದರು. ಪುರಾತತ್ತ್ವದವರು ಸಾಮಾನ್ಯವಾಗಿ ಗುಡಿಯನ್ನೋ ಗೋರಿಯನ್ನೋ ಅಗೆಯುತ್ತಾರೆ. ಇವರು ತಿಪ್ಪೆಯನ್ನು ಅಗೆದರು. ಕೂಲಿಯಾಳುಗಳ ಗುದ್ದಲಿಗೆ ಸುರುಳಿಗಳೂ ತುಂಡುಗಳೂ ರಾಶಿರಾಶಿಯಾಗಿ ಸಿಕ್ಕವು. ಕೆಲವೆಡೆ ಕಸ ತುಂಬಿದ ಬುಟ್ಟಿಯೇ ಬುಟ್ಟಿಯಾಗಿ ಬಿದ್ದಿತ್ತು. ಕಚೇರಿಯ ಯಾವನೋ ಜವಾನ ಸುರಿಯಲು ಬೇಸರಪಟ್ಟು ಬುಟ್ಟಿಯ ಸಮೇತ ಎಸೆದು ಹೋಗಿದ್ದಿರಬೇಕು! ಅವನ ಆಲಸ್ಯಕ್ಕೆ ಇಂದು ವಿದ್ವಲ್ಲೋಕ ಕೃತಜ್ಞವಾಗಿದೆ. 1907ರವರೆಗೆ ಆರು ಸಲ ಅಗೆದು, ಸಿಕ್ಕದ್ದನ್ನೆಲ್ಲ ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಆಕ್ಸ್‌ಫರ್ಡಿಗೆ ಸಾಗಿಸಿದರು. ಒಟ್ಟು ತುಣುಕುಗಳು ಸುಮಾರು ಐದು ಲಕ್ಷವೆಂದು ಅಂದಾಜು. 1898ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಇಂದಿಗೆ ಎಂಬತ್ತಕ್ಕೂ ಹೆಚ್ಚು ಸಂಪುಟಗಳಾಗಿವೆ, ಓದುವುದು ಇನ್ನೂ ಮುಗಿದಿಲ್ಲ. ಕಳೆದುಹೋಯಿತೆಂದು ಕೈಬಿಟ್ಟಿದ್ದ ಸ್ಯಾಫೋ ಎಂಬ ಕವಯಿತ್ರಿಯ ಪದ್ಯಗಳ ತುಣುಕುಗಳು, ಸೋಫೋಕ್ಲಿಸನ ನಾಟಕವೊಂದರ ದೊಡ್ಡ ಭಾಗ, ಯೇಸುವಿನ ವಚನಗಳೆಂದು ಬರೆದಿಟ್ಟ ಹಾಳೆ, ಎಲ್ಲವೂ ಆ ಕಸದೊಳಗಿದ್ದವು. ಅಲೆಕ್ಸಾಂಡ್ರಿಯಾದ ಜಗದ್ವಿಖ್ಯಾತ ಗ್ರಂಥಭಂಡಾರ ಹೇಳಹೆಸರಿಲ್ಲದೆ ಹೋಯಿತು. ಅದೇ ದೇಶದ ಒಂದು ಮಧ್ಯಮ ಪಟ್ಟಣದ ತಿಪ್ಪೆ ಉಳಿಯಿತು.

ಏಕೆ ಉಳಿಯಿತು ಎಂದು ಕೇಳಬೇಕು. ಅಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಗುಡ್ಡಗಳು ನೈಲ್ ನದಿಯ ನೆರೆ ಮುಟ್ಟದಷ್ಟು ಎತ್ತರದಲ್ಲಿದ್ದವು. ತೇವವಿಲ್ಲದೆಡೆ ಕೊಳೆತವಿಲ್ಲ. ಅದೇ ಗುಡ್ಡದ ಅಡಿಯಲ್ಲಿ ನೆಲದ ಪಸೆ ಏರಿದ ಕಡೆ ಹಾಳೆಗಳು ಮಣ್ಣಾಗಿ ಹೋಗಿದ್ದವು. ಕಾಪಾಡಿದ್ದು ಒಣ ಮರಳು ಮತ್ತು ಜನರ ತಾತ್ಸಾರ, ಇವೆರಡೇ.

ಆದರೆ ಬಂಧುಗಳೇ, ನಮ್ಮ ಮನಸ್ಸನ್ನು ಹಿಡಿದದ್ದು ಸೋಫೋಕ್ಲಿಸನ ನಾಟಕವಲ್ಲ. ಆ ತುಣುಕುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸಂಸಾರದ ಕಾಗದಗಳು: ಸಾಲದ ಪತ್ರ, ಗೇಣಿ ಕರಾರು, ತೆರಿಗೆಯ ರಸೀತಿ, ಮದುವೆಯ ಕರೆಯೋಲೆ, ತಕರಾರು ಅರ್ಜಿ. ಥಿಯೋನ್ ಎಂಬ ಹುಡುಗ ತಂದೆಗೆ ಬರೆದ ಕಾಗದವೊಂದಿದೆ. ತಂದೆ ಇವನನ್ನು ಬಿಟ್ಟು ಅಲೆಕ್ಸಾಂಡ್ರಿಯಾ ಪಟ್ಟಣಕ್ಕೆ ಹೋಗುವವನಿದ್ದಾನೆ, ಹುಡುಗನಿಗೆ ಸಿಟ್ಟು. ಕರೆದೊಯ್ಯದಿದ್ದರೆ ಕಾಗದ ಬರೆಯುವುದಿಲ್ಲ, ಮಾತಾಡಿಸುವುದಿಲ್ಲ, ಕೊನೆಗೆ ಅನ್ನನೀರು ಬಿಡುತ್ತೇನೆ ಎಂದು ಹೆದರಿಸುತ್ತಾನೆ, ಅದೂ ತಪ್ಪುತಪ್ಪಾಗಿ ಬರೆದು. ಜಾತ್ರೆಗೆ ಕರೆದೊಯ್ಯಲಿಲ್ಲವೆಂದು ನಿಮ್ಮ ಮನೆಯ ಹುಡುಗರು ಮಾಡುವ ಹಟಕ್ಕೂ ಇದಕ್ಕೂ ಏನು ಅಂತರ? ಎಷ್ಟೋ ಚಕ್ರವರ್ತಿಗಳ ಮಾತು ಅಳಿಯಿತು, ಈ ಹುಡುಗನ ಮುನಿಸು ಉಳಿಯಿತು.

ಇನ್ನೊಂದು ಕಾಗದವಿದೆ, ಅದನ್ನು ಹೇಳಲು ನಾಲಿಗೆ ತಡೆಯುತ್ತದೆ, ಆದರೂ ಹೇಳುತ್ತೇವೆ. ಕ್ರಿಸ್ತಪೂರ್ವ 1ನೆಯ ವರ್ಷದಲ್ಲಿ ಹಿಲಾರಿಯಾನ್ ಎಂಬ ಕೂಲಿಕಾರ ದುಡಿಯಲು ದೂರ ಹೋದವನು ಬಸುರಿ ಹೆಂಡತಿಗೆ ಬರೆಯುತ್ತಾನೆ. ಸಂಬಳ ಬಂದೊಡನೆ ಕಳಿಸುತ್ತೇನೆ, ಮಗುವನ್ನು ಚೆನ್ನಾಗಿ ನೋಡಿಕೋ, ನಿನ್ನನ್ನು ಮರೆಯುವುದುಂಟೇ ಎಂದು ಅಕ್ಕರೆಯಿಂದ ಬರೆದವನು, ಅದೇ ಉಸಿರಿನಲ್ಲಿ, ಹುಟ್ಟುವುದು ಗಂಡಾದರೆ ಇಟ್ಟುಕೊಳ್ಳಲೂ ಹೆಣ್ಣಾದರೆ ಹೊರಗೆ ಹಾಕಲೂ ತಿಳಿಸುತ್ತಾನೆ. ಹೊರಗೆ ಎಂದರೆ ಎಲ್ಲಿ? ಬಹುಮಟ್ಟಿಗೆ ಇಂಥ ತಿಪ್ಪೆಗೇ. ಅಲ್ಲಿಂದ ಎತ್ತಿ ಸಾಕಿದ ಕೂಸುಗಳಿಗೆ ಗೊಬ್ಬರವೆಂಬ ಅರ್ಥದ ಗ್ರೀಕ್ ಶಬ್ದದಿಂದ ಕೊಪ್ರೆಯುಸ್, ಕೊಪ್ರಿಯಾ ಎಂದು ಹೆಸರಿಡುತ್ತಿದ್ದರೆಂದು ವಿದ್ವಾಂಸರು ಹೇಳುತ್ತಾರೆ. ದೃಷ್ಟಿ ತಾಗದಿರಲೆಂದು ಹೆತ್ತವರೇ ಇಟ್ಟ ಹೆಸರೂ ಇರಬಹುದೆನ್ನುವವರಿದ್ದಾರೆ. ನಮ್ಮ ತಿಪ್ಪಣ್ಣ, ತಿಪ್ಪಮ್ಮರಿಗೆ ಎರಡು ಸಾವಿರ ವರ್ಷದ ಹಿಂದೆ ನೈಲ್ ನದಿಯ ದಡದಲ್ಲಿ ಹೆಸರಿನ ಬಂಧುಗಳಿದ್ದರು. ಯಾವ ಇತಿಹಾಸಕಾರನೂ ಆ ಹೆಂಗಸಿನ ಹೆಸರನ್ನು ಬರೆದಿಡುತ್ತಿರಲಿಲ್ಲ. ತಿಪ್ಪೆ ಇಟ್ಟುಕೊಂಡಿತು. ಅವಳ ಹೆಸರು ಆಲಿಸ್.

ಆ ರಾಶಿಯಲ್ಲಿ ಕನ್ನಡಿಗರು ಕಿವಿ ನಿಮಿರಿಸಬೇಕಾದ ಹಾಳೆಯೊಂದೂ ಇತ್ತು. 1903ರಲ್ಲಿ ಅಚ್ಚಾದ ಸಂಪುಟದಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಖಾರಿಟಿಯಾನ್ ಎಂಬ ಗ್ರೀಕ್ ಕನ್ಯೆ ಭಾರತದ ಕಡಲ ತೀರದಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣನ ಕಡೆಯವರು ಅಲ್ಲಿಯ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಆ ರಾಜನೂ ಅವನ ಕಡೆಯವರೂ ಆಡುವ ಮಾತು ಗ್ರೀಕ್ ಅಲ್ಲ. 1904ರಲ್ಲಿ ಶಾಸನತಜ್ಞ ಹುಲ್ಷ್ ಅವರು ಅದು ಕನ್ನಡವಿರಬೇಕೆಂದರು. ಮೈಸೂರಿನಲ್ಲಿ ಅರ್ಥಶಾಸ್ತ್ರದ ಓಲೆಗಳನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳೂ, ಮಂಜೇಶ್ವರದ ಗೋವಿಂದ ಪೈಗಳೂ ಅದೇ ಜಾಡಿನಲ್ಲಿ ದುಡಿದರು. ಕೆಲವರು ತುಳು ಎಂದರು. ಕೆಲವರು ಅದು ನಗಿಸುವುದಕ್ಕೆ ಕಟ್ಟಿದ ಅರ್ಥವಿಲ್ಲದ ಶಬ್ದಗಳೆಂದರು. ಜಗಳ ತೀರಿಲ್ಲ. ಅಭಿಮಾನದಿಂದ ಅದನ್ನು ಕನ್ನಡವೇ ಎಂದು ಸಾಧಿಸಲು ನಾವು ಹೊರಡುವುದಿಲ್ಲ. ಪ್ರಮಾಣವಿಲ್ಲದ ಅಭಿಮಾನ ತರ್ಕಕ್ಕೆ ನಿಲ್ಲದು. ಆದರೆ ನಮ್ಮ ಪಶ್ಚಿಮ ಕರಾವಳಿಯ ಕುರಿತು ಈಜಿಪ್ಟಿನ ಒಂದು ಜಿಲ್ಲಾ ಪಟ್ಟಣದಲ್ಲಿ ನಾಟಕವಾಡಿ ನಕ್ಕರೆಂಬ ಸಾಧ್ಯತೆಯನ್ನು ನಮಗೆ ತಂದುಕೊಟ್ಟದ್ದು ಒಂದು ಕಸದ ಗುಡ್ಡೆ.

ಆಕ್ಸಿರಿಂಕಸಿನ ಅಗೆತ ಮೊದಲಾದ ಅದೇ ಚಳಿಗಾಲದಲ್ಲಿ ಕೈರೋದಲ್ಲಿ ಇನ್ನೊಂದು ನಿಧಿ ತೆರೆಯಿತು. ಅಲ್ಲಿಯ ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ಹಳೆಯ ಕಾಗದಗಳನ್ನು ಹಾಕುವ ಒಂದು ಕೋಣೆ. ದೇವರ ನಾಮವಿದ್ದೀತೆಂದು ಬರೆದದ್ದನ್ನು ಅವರು ತಿಪ್ಪೆಗೆ ಎಸೆಯುತ್ತಿರಲಿಲ್ಲ, ಈ ಕೋಣೆಗೆ ಹಾಕುತ್ತಿದ್ದರು. ಸೊಲೊಮನ್ ಶೆಕ್ಟರ್ ಎಂಬ ಪಂಡಿತರು ಅದನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಅದರೊಳಗೆ ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಬೆನ್ ಯಿಜು ಎಂಬ ವರ್ತಕನ ಕಾಗದಗಳಿದ್ದವು. 1132ರಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಗೆ ಆತ ಬರೆದುಕೊಟ್ಟ ಬಿಡುಗಡೆಯ ಪತ್ರವೂ ಉಂಟು. ಅವನ ಆಳೊಬ್ಬನ ಹೆಸರನ್ನು ಬೊಮ್ಮ ಎಂದು ಓದಿದ್ದಾರೆ. ಲೇಖಕ ಅಮಿತಾವ್ ಘೋಷ್ ಅವರು ಆ ಬೊಮ್ಮನ ಜಾಡು ಹಿಡಿದು 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕಲ್ಯಾಣದಲ್ಲಿ ಶರಣರು ಕೂಡಿದ ಅದೇ ಶತಮಾನದಲ್ಲಿ ಕರಾವಳಿಯಲ್ಲಿ ಬದುಕಿದ್ದ ಒಬ್ಬ ಆಳುಮಗನ ಹೆಸರನ್ನು ಕಡಲಾಚೆಯ ರದ್ದಿ ಕೋಣೆ ಉಳಿಸಿಕೊಟ್ಟಿತು.

ಹಾಗಾದರೆ ನಮ್ಮ ತಿಪ್ಪೆಗಳು ಏನು ಉಳಿಸಿವೆ? ಈಜಿಪ್ಟಿನಂತೆ ಹಾಳೆಗಳನ್ನು ಅವು ಉಳಿಸಲಾರವು. ನಮ್ಮಲ್ಲಿ ಮಳೆ, ಗೆದ್ದಲು. ನಮ್ಮ ನೆಲ ಉಳಿಸುವುದು ಬೇರೆ ಬಗೆಯದು: ಮಡಕೆಯ ಚೂರು, ಮೂಳೆ, ಬೂದಿ, ಸುಟ್ಟ ಕಾಳು. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆಯ ಭಕ್ತರಿಗೆ ಬೂದಿಗುಡ್ಡಗಳು ಗೊತ್ತೇ ಇವೆ. ಕುಡತಿನಿಯಲ್ಲಿದೆ, ಸಂಗನಕಲ್ಲಿನ ಬಳಿ ಇದೆ, ಸುರಪುರ ಸೀಮೆಯ ಬೂದಿಹಾಳದಲ್ಲಿದೆ. ಹಂಪೆಯ ಬಳಿ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಬೂದಿಯೆಂದು ಜನ ಹೇಳುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇವು ಶಿಲಾಯುಗದ ಜನರ ಸಗಣಿಯ ರಾಶಿ ಸುಟ್ಟ ಬೂದಿ ಎಂದು ಗುರುತಿಸಿದ್ದರು. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಪದರ ಪದರವಾಗಿ ಅಗೆದರು. ದೊಡ್ಡಿಯ ಬೇಲಿಯ ಗೂಟ ನೆಟ್ಟ ಕುಳಿಗಳು ಕಂಡವು. ಬೂದಿಯ ಮೇಲೆ ದನಗಳ ಗೊರಸಿನ ಅಚ್ಚು ಕಂಡಿತು! ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಒಂದು ಹಸು ಹೆಜ್ಜೆಯಿಟ್ಟು ಹೋದದ್ದು ಅಲ್ಲಿ ಹಾಗೆಯೇ ಇತ್ತು. ವರ್ಷದ ಯಾವುದೋ ಹಬ್ಬದಲ್ಲಿ ಆ ಜನ ಬೆಂಕಿ ಹೊತ್ತಿಸುತ್ತಿದ್ದರೆಂದು ಆಲ್ಚಿನ್ ಊಹಿಸಿದರು. ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಆ ಊಹೆ ಅಪರಿಚಿತವೆನಿಸದು. ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಬೂದಿಹಾಳದಲ್ಲಿ ಅಗೆದು, ಬೂದಿಗುಡ್ಡದ ಪಕ್ಕದಲ್ಲಿಯೇ ಜನ ಬಾಳಿದ ನೆಲೆಯನ್ನೂ ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವನ್ನೂ ತೋರಿಸಿದರು.

ಸುಟ್ಟ ಕಾಳಿನ ಮಾತು ಹೇಳಿದೆವು. ಒಲೆಯಲ್ಲಿ ಸಿಡಿದು ಕರಿಕಾದ ಕಾಳು ಕಸದೊಡನೆ ಹೊರಗೆ ಬಿದ್ದರೆ ಹುಳು ಅದನ್ನು ತಿನ್ನುವುದಿಲ್ಲ, ಅದು ಮೊಳೆಯುವುದೂ ಇಲ್ಲ. ಹಳೆಯ ತಿಪ್ಪೆಯ ಮಣ್ಣನ್ನು ನೀರಿಗೆ ಹಾಕಿದರೆ ಮಣ್ಣು ತಳಕ್ಕಿಳಿಯುತ್ತದೆ, ಕರಿಕಾಳು ತೇಲುತ್ತದೆ. ಸಂಗನಕಲ್ಲು, ತೆಕ್ಕಲಕೋಟೆಯ ಮಣ್ಣಿನಲ್ಲಿ ಹೀಗೆ ತೇಲಿ ಬಂದದ್ದು ಹುರುಳಿ, ಹೆಸರು, ಕೊರಲೆ. ಊಟ ಕೆಟ್ಟಿತೆಂದು ಆ ದಿನ ಯಾವ ತಾಯಿ ಬೈಸಿಕೊಂಡಳೋ. ಅವಳು ಹೊತ್ತಿಸಿದ ಕಾಳಿನಿಂದ ನಮ್ಮ ಪೂರ್ವಿಕರ ಊಟ ನಮಗೆ ತಿಳಿಯಿತು.

ನಾವು ಪಾಠಶಾಲೆಯಲ್ಲಿ ತರ್ಕ ಓದುತ್ತಿದ್ದಾಗ ಗುರುಗಳು ಪ್ರಧ್ವಂಸಾಭಾವವೆಂಬುದನ್ನು ಗಡಿಗೆ ಒಡೆದ ದೃಷ್ಟಾಂತದಿಂದ ಹೇಳಿಕೊಡುತ್ತಿದ್ದರು. ಒಡೆದ ಕ್ಷಣದಲ್ಲಿ ಆ ಅಭಾವಕ್ಕೆ ಆದಿ, ಅಂತ್ಯ ಅದಕ್ಕಿಲ್ಲ. ಒಡೆದ ಗಡಿಗೆ ಮತ್ತೆ ಬಾರದು, ನಿಜವೇ. ಆದರೆ ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನೂ ಅದೇ ಗುರುಗಳು ಕಲಿಸಿದರು. ಚೂರಿನಿಂದ ಗಡಿಗೆಯನ್ನು, ಗಡಿಗೆಯಿಂದ ಕುಂಬಾರನ ಕೈಯನ್ನು ಊಹಿಸಬಹುದು. ಒಂದೇ ನಿಯಮ: ಲಿಂಗವು ತಾನಿದ್ದ ಜಾಗದಲ್ಲಿರಬೇಕು. ಇಲ್ಲಿ ಲಿಂಗವೆಂದರೆ ತರ್ಕದ ಲಿಂಗ, ಗುರುತು. ತಿಪ್ಪೆಯಲ್ಲಿ ಹಳೆಯದು ಕೆಳಗೆ, ಹೊಸದು ಮೇಲೆ. ಆ ಕ್ರಮವೇ ಅದರ ಪಂಚಾಂಗ. ಕಲಕಿದರೆ ಚೂರು ಚೂರೇ ಆಗಿ ಉಳಿಯುತ್ತದೆ, ಸಾಕ್ಷಿ ಹೋಗುತ್ತದೆ.

ಈಗ ನಮ್ಮ ಕಳವಳವನ್ನು ಹೇಳುತ್ತೇವೆ. ಈಜಿಪ್ಟಿನ ರೈತರು ಹಳೆಯ ಊರುದಿಬ್ಬಗಳ ಮಣ್ಣು ಒಳ್ಳೆಯ ಗೊಬ್ಬರವೆಂದು ಕಂಡುಕೊಂಡು ಕತ್ತೆಗಳ ಮೇಲೆ ಹೇರಿ ಹೊಲಕ್ಕೆ ಚೆಲ್ಲಿದರು. ಅದರೊಡನೆ ಎಷ್ಟು ಹಾಳೆಗಳು ಮಣ್ಣುಪಾಲಾದವೋ ಲೆಕ್ಕವಿಲ್ಲ. ನಮ್ಮ ಬೂದಿಗುಡ್ಡಗಳಿಗೂ ಅದೇ ಗತಿ ಬಂದಿದೆ. ಬೂದಿಯನ್ನು ಹೊಲಕ್ಕೆ ಸಾಗಿಸಿದವರಿದ್ದಾರೆ, ರಸ್ತೆಗೆ ಕಡಿದವರಿದ್ದಾರೆ, ಸುತ್ತಲ ಬೆಟ್ಟಗಳನ್ನು ಕಲ್ಲುಗಣಿ ತಿನ್ನುತ್ತಿದೆ. ರೈತನನ್ನು ನಾವು ದೂರುವುದಿಲ್ಲ. ಹೊಲದಲ್ಲಿ ಸಿಕ್ಕ ಗೊಬ್ಬರವನ್ನು ಹೊಲಕ್ಕೆ ಹಾಕುವುದು ಅವನ ಧರ್ಮ. ಇದು ಏನೆಂದು ಅವನ ಕಟ್ಟೆಗೆ ಬಂದು ಕೂತು ಹೇಳಬೇಕಾದವರು ಹೇಳಲಿಲ್ಲ. ಆದ್ದರಿಂದ ನಾವು ಹೇಳುತ್ತಿದ್ದೇವೆ. ಗೋಮಯ ಸುಟ್ಟು ಭಸ್ಮವಾದದ್ದನ್ನು ದಿನಕ್ಕೆ ಮೂರು ಹೊತ್ತು ಹಣೆಗೆ ಧರಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಇನ್ನು ಓಲೆಗರಿಯ ಮಾತು. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು, ಅಟ್ಟದ ಮೇಲೆ ಹೊಗೆ ಹಿಡಿದ ಕಟ್ಟುಗಳನ್ನು ಬಿಚ್ಚಿ ನೋಡದಿದ್ದರೆ 1923ರಲ್ಲಿ ವಚನಶಾಸ್ತ್ರಸಾರ ಹೊರಬರುತ್ತಿರಲಿಲ್ಲ. ಆ ಅಟ್ಟಗಳೇ ನಮ್ಮ ಪಾಲಿನ ಈಜಿಪ್ಟಿನ ಮರಳು. ಒಲೆಯ ಹೊಗೆ ಹುಳುವನ್ನು ಓಡಿಸಿತು, ಮನೆಯವರ ಮರೆವು ಕಟ್ಟನ್ನು ಕಾಯಿತು. ಆದರೆ ಈಗ ಹಳೆಯ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುತ್ತಿದ್ದೀರಿ. ಕಟ್ಟಿರಿ, ಸುಖವಾಗಿರಿ. ಅಟ್ಟದಲ್ಲಿದ್ದದ್ದು ಎಲ್ಲಿಗೆ ಹೋಗುತ್ತಿದೆ? ಭಕ್ತಿಯುಳ್ಳವರು ಪೂಜೆ ಮಾಡಿ ಹೊಳೆಗೆ ಬಿಡುತ್ತಾರೆ, ಉಳಿದವರು ಟ್ರ್ಯಾಕ್ಟರಿನಲ್ಲಿ ಹಾಕಿ ಕಳಿಸುತ್ತಾರೆ. ಹೊಳೆಗೆ ಬಿಟ್ಟದ್ದು ತಿಪ್ಪೆಗೆ ಎಸೆದದ್ದಕ್ಕಿಂತ ಬೇಗ ಅಳಿಯುತ್ತದೆ. ನಮ್ಮ ಈಗಿನ ತಿಪ್ಪೆಯನ್ನು ಮುಂದಿನವರು ಅಗೆದರೆ ಗುಟ್ಕಾ ಚೀಟಿಯೂ ಹಾಲಿನ ಪಾಕೀಟೂ ಬಣ್ಣ ಮಾಸದೆ ಸಿಕ್ಕಾವು. ನಿಮ್ಮ ಮುತ್ತಜ್ಜ ಬರೆಸಿದ ಓಲೆಯ ಒಂದು ಗರಿಯೂ ಸಿಗದು.

ಕಸ ಗುಡಿಸುವುದನ್ನು ಕಡಿಮೆಯೆಂದು ತಿಳಿಯುವ ಮನೆತನ ನಮ್ಮದಲ್ಲ. ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನ ಪರಂಪರೆ ನಮ್ಮದು. ಗುಡಿಸುವವಳ ಕಣ್ಣು ಕೆಳಗಿರುತ್ತದೆ, ಬಿದ್ದದ್ದು ಅವಳಿಗೆ ಮೊದಲು ಕಾಣುತ್ತದೆ. ಆದ್ದರಿಂದ ತಾಯಂದಿರಿಗೇ ಈ ಮಾತನ್ನು ವಿಶೇಷವಾಗಿ ಹೇಳುತ್ತಿದ್ದೇವೆ.

ಬರುವ ಸೋಮವಾರದಿಂದ ಬೆಳಗಿನ ಪೂಜೆಯಾದ ಮೇಲೆ ಮಠದ ಹಳೆಯ ಉಗ್ರಾಣದ ಪಡಸಾಲೆಯಲ್ಲಿ ಪಾಠಶಾಲೆಯ ಇಬ್ಬರು ವಿದ್ಯಾರ್ಥಿಗಳು ದಾಖಲೆ ಪುಸ್ತಕ ಇಟ್ಟುಕೊಂಡು ಕೂಡುತ್ತಾರೆ. ಅಟ್ಟದಲ್ಲಿ, ಜಗಲಿಯ ಮೇಲೆ, ಹಗೇವಿನ ಪಕ್ಕದಲ್ಲಿ ಏನು ಸಿಕ್ಕರೂ ತನ್ನಿರಿ: ಓಲೆಗರಿ, ಕಡತ, ಹರಿದ ಲೆಕ್ಕದ ಪುಸ್ತಕ, ಅಜ್ಜನ ಕಾಲದ ರಸೀತಿ. ಯಾರ ಮನೆಯದು, ಯಾವ ಊರಿನದು, ಮನೆಯ ಯಾವ ಭಾಗದಲ್ಲಿತ್ತು ಎಂದು ಬರೆಸಿರಿ. ಕೊಡಲು ಮನಸ್ಸಿಲ್ಲದವರ ಕಟ್ಟನ್ನು ಛಾಯಾಚಿತ್ರ ತೆಗೆದು ಹಿಂದಿರುಗಿಸುತ್ತಾರೆ. ಹೊಲದಲ್ಲಿ ಬೂದಿದಿಬ್ಬವಿರುವವರು ಗಾಡಿ ಹೂಡುವ ಮೊದಲು ಒಂದು ಮಾತು ಮಠಕ್ಕೆ ತಿಳಿಸಿರಿ. ಪುರಾತತ್ತ್ವ ಇಲಾಖೆಗೆ ನಾವು ಬರೆಯುತ್ತೇವೆ, ನೀವಾಗಿ ಅಗೆಯಬೇಡಿರಿ. ಓಲೆಯ ಕಟ್ಟಿಗೆ ಎಣ್ಣೆ ಹಚ್ಚಬೇಡಿರಿ, ನೀರಿನಿಂದ ಒರೆಸಬೇಡಿರಿ. ದಾರ ಬಿಚ್ಚದೆ, ಧೂಳು ಕೊಡವದೆ, ಇದ್ದ ಹಾಗೆಯೇ ತನ್ನಿರಿ.